ಎದೆಬಡಿತದ ಮೂಗುದಾರ

ಅಟ್ರೋಪಿನ್ ರಕ್ತಕ್ಕೆ ಇಳಿದರೆ ಆರೋಗ್ಯವಂತರ ಎದೆ ಓಟಕ್ಕೆ ಬೀಳುತ್ತದೆ. ನಿಮಿಷಕ್ಕೆ 70ರ ಆಸುಪಾಸಿನಲ್ಲಿದ್ದ ಬಡಿತ ನೋಡನೋಡುತ್ತಿದ್ದಂತೆ 100ರ ಮೇಲೆ ಹೋಗುತ್ತದೆ. ಉಮ್ಮತ್ತಿ ಗಿಡದಲ್ಲೂ ಇರುವ ಈ ಮದ್ದಿನ ಗುಣ ನಮ್ಮ ಜಿಲ್ಲಾ ಆಸ್ಪತ್ರೆಗಳ ವೈದ್ಯರಿಗೆ ಚೆನ್ನಾಗಿ ಗೊತ್ತು. ಕೀಟನಾಶಕ ಕುಡಿದು ಬಂದ ರೈತನ ನಾಡಿ ಕುಸಿಯುತ್ತಿದ್ದಾಗ ಅವರು ಕೈಗೆತ್ತಿಕೊಳ್ಳುವುದು ಇದನ್ನೇ. 1922ರಲ್ಲಿ ಬ್ರೆಜಿಲ್‌ನ ಕಾರ್ಲೊಸ್ ಚಾಗಸ್ ಮತ್ತು ಯೂರಿಕೊ ವಿಲ್ಲೆಲಾ ಎಂಬ ವೈದ್ಯರು, ಪರೋಪಜೀವಿಯೊಂದರಿಂದ ಹೃದಯ ಕೆಟ್ಟ ತಮ್ಮ ರೋಗಿಗಳಿಗೆ ಅಟ್ರೋಪಿನ್ ಕೊಟ್ಟು ಎದೆಬಡಿತ ಎಣಿಸಿದರು. ಏರಬೇಕಾದಷ್ಟು ಅದು ಏರಲಿಲ್ಲ.

ಅಟ್ರೋಪಿನ್ ಹೃದಯವನ್ನು ತಾನಾಗಿ ಓಡಿಸುವುದಿಲ್ಲ. ಮೆದುಳಿನಿಂದ ಇಳಿದು ಬಂದು ಹೃದಯವನ್ನು ಹಿಡಿದು ನಿಧಾನಿಸುವ ವೇಗಸ್ ನರದ ಬಿಗಿಯನ್ನು ಅದು ಸಡಿಲಿಸುತ್ತದೆ, ಅಷ್ಟೆ. ಸಡಿಲಿಸಿದ ಮೇಲೂ ಬಡಿತ ಏರದಿದ್ದರೆ, ಸಡಿಲಿಸಲು ಅಲ್ಲಿ ಬಿಗಿಯೇ ಉಳಿದಿರಲಿಕ್ಕಿಲ್ಲ. ಕೆಟ್ಟಿರುವುದು ಹೃದಯದ ಸ್ನಾಯು ಮಾತ್ರವಲ್ಲ, ಅದನ್ನು ಆಳುವ ನರಕ್ಕೂ ಏನೋ ಆಗಿದೆ ಎಂಬ ಸುಳಿವು ಅಂದೇ ಸಿಕ್ಕಿತ್ತು. ಅದರ ಬೆನ್ನುಹತ್ತಿದವರು ಸತ್ತವರ ಹೃದಯಗಳಲ್ಲಿ ನರಕೋಶಗಳನ್ನು ಒಂದೊಂದಾಗಿ ಎಣಿಸಿದರು, ರೋಗಿಗಳ ರಕ್ತದಲ್ಲಿ ವಿಚಿತ್ರ ಪ್ರತಿಕಾಯಗಳನ್ನು ಹಿಡಿದರು, ದಶಕಗಟ್ಟಲೆ ಒಬ್ಬರ ಮಾತನ್ನು ಒಬ್ಬರು ಅಲ್ಲಗಳೆದರು. ನೂರು ವರ್ಷ ದಾಟಿದರೂ ಆ ಕೆಲಸ ಮುಗಿದಿಲ್ಲ.

ಇಂದು ಚಾಗಸ್ ರೋಗ ಎಂದೇ ಕರೆಯುವ ಈ ಕಾಯಿಲೆಯನ್ನು ಚಾಗಸ್ ಕಂಡುಹಿಡಿದದ್ದು ರೈಲು ಹಳಿಯ ಪಕ್ಕದಲ್ಲಿ. 1907ರಲ್ಲಿ ಮಿನಾಸ್ ಜೆರೈಸ್ ರಾಜ್ಯದ ಲಸ್ಸಾನ್ಸ್ ಎಂಬ ಊರಿನ ಕಡೆ ರೈಲು ಹಳಿ ಹಾಕುತ್ತಿದ್ದ ಕೂಲಿಗಳು ಮಲೇರಿಯಾದಿಂದ ಮಲಗಿಬಿಟ್ಟಿದ್ದರು. ಅವರನ್ನು ನೋಡಿಕೊಳ್ಳಲೆಂದು ರಿಯೊ ನಗರದ ವಿಜ್ಞಾನಿ ಓಸ್ವಾಲ್ಡೊ ಕ್ರೂಜ್ ತಮ್ಮ ಶಿಷ್ಯ ಚಾಗಸ್‌ರನ್ನು ಅಲ್ಲಿಗೆ ಕಳಿಸಿದರು. ರೈಲು ಡಬ್ಬಿಯೇ ಚಾಗಸ್‌ರ ಮನೆ, ಅದೇ ಪ್ರಯೋಗಶಾಲೆ. ಮಣ್ಣಿನ ಗೋಡೆಯ ಬಿರುಕುಗಳಲ್ಲಿ ಹಗಲು ಅಡಗಿದ್ದು, ರಾತ್ರಿ ದೀಪ ಆರಿದ ಮೇಲೆ ಹೊರಬಂದು ಮಲಗಿದವರ ಮುಖದಿಂದ ರಕ್ತ ಹೀರುವ ಒಂದು ದೊಡ್ಡ ಕೀಟವಿದೆ ಎಂದು ಅಲ್ಲಿನ ಎಂಜಿನಿಯರೊಬ್ಬರು ಅವರಿಗೆ ಹೇಳಿದರು. ಆ ಕೀಟದ ಕರುಳಲ್ಲಿ ಚಾಗಸ್‌ಗೆ ಬಾಲವುಳ್ಳ ಸೂಕ್ಷ್ಮಜೀವಿಯೊಂದು ಕಂಡಿತು. ಗುರುವಿನ ಹೆಸರು ಸೇರಿಸಿ ಅದನ್ನು ಟ್ರಿಪನೊಸೋಮಾ ಕ್ರೂಜೈ ಎಂದು ಕರೆದರು. 1909ರ ಏಪ್ರಿಲ್‌ನಲ್ಲಿ ಬೆರೆನಿಸ್ ಎಂಬ ಎರಡು ವರ್ಷದ, ಜ್ವರ ಬಂದ ಮಗುವಿನ ರಕ್ತದಲ್ಲೂ ಅದೇ ಜೀವಿ ಸಿಕ್ಕಿತು. ಪರೋಪಜೀವಿ, ಅದನ್ನು ಹೊರುವ ಕೀಟ, ಅದರಿಂದ ಬರುವ ರೋಗ ಮೂರನ್ನೂ ಒಬ್ಬನೇ ವೈದ್ಯ ಕಂಡುಹಿಡಿದ ಇಂಥ ಉದಾಹರಣೆ ವೈದ್ಯಚರಿತ್ರೆಯಲ್ಲಿ ಬಹಳ ಅಪರೂಪ.

ಬೆರೆನಿಸ್ ಎಪ್ಪತ್ತು ದಾಟಿ ಬದುಕಿದಳು. ಬದುಕಿನುದ್ದಕ್ಕೂ ಪರೋಪಜೀವಿ ಅವಳೊಳಗೇ ಇತ್ತು, ಹೃದಯ ಮಾತ್ರ ಸೋಲಲಿಲ್ಲ. ಅವಳದೇ ಪ್ರಾಂತ್ಯದಲ್ಲಿ, ಅಂಥದೇ ಮಣ್ಣಿನ ಮನೆಗಳಲ್ಲಿ ಹುಟ್ಟಿ ಬೆಳೆದ ಎಷ್ಟೋ ಮಂದಿ ನಲವತ್ತರ ಹೊತ್ತಿಗೆ ಗದ್ದೆಯಲ್ಲೋ ದಾರಿಯಲ್ಲೋ ಇದ್ದಕ್ಕಿದ್ದಂತೆ ಕುಸಿದು ಸತ್ತರು. ಒಂದೇ ಜೀವಿ ಒಬ್ಬರನ್ನು ಮುಟ್ಟದೆ ಬಿಟ್ಟು ಇನ್ನೊಬ್ಬರ ಎದೆಯನ್ನು ಹಿಗ್ಗಿಸಿ ಕೊಲ್ಲುವುದೇಕೆ ಎಂಬುದೇ ಈ ರೋಗದ ದೊಡ್ಡ ಪ್ರಶ್ನೆ.

ಇಂದು ಜಗತ್ತಿನಲ್ಲಿ ಸುಮಾರು 70 ಲಕ್ಷ ಜನರಲ್ಲಿ ಈ ಸೋಂಕು ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸುತ್ತದೆ. ವರ್ಷಕ್ಕೆ 10,000ಕ್ಕೂ ಹೆಚ್ಚು ಸಾವು. ಹೆಚ್ಚಿನವರು ಲ್ಯಾಟಿನ್ ಅಮೆರಿಕದ ಬಡವರು, ಅಥವಾ ಅಲ್ಲಿಂದ ಕೆಲಸ ಹುಡುಕಿಕೊಂಡು ಸ್ಪೇನ್‌ಗೆ, ಅಮೆರಿಕಕ್ಕೆ ಹೋದವರು. ಕೀಟ ರಕ್ತ ಹೀರುತ್ತಲೇ ಅಲ್ಲೇ ಮಲ ಹಾಕುತ್ತದೆ. ಮಲಗಿದವರು ತುರಿಸಿಕೊಂಡಾಗ ಅದರಲ್ಲಿರುವ ಪರೋಪಜೀವಿ ಗಾಯದಿಂದಲೋ ಕಣ್ಣಿನಿಂದಲೋ ಒಳಹೋಗುತ್ತದೆ. ತಾಯಿಯಿಂದ ಹೊಟ್ಟೆಯೊಳಗಿನ ಮಗುವಿಗೆ, ರಕ್ತದಾನದಿಂದ, ಕೀಟ ಬಿದ್ದ ಹಣ್ಣಿನ ರಸದಿಂದಲೂ ಹರಡುತ್ತದೆ. 2007ರಲ್ಲಿ ವೆನೆಜುವೆಲಾದ ರಾಜಧಾನಿ ಕರಾಕಸ್‌ನ ಶಾಲೆಯೊಂದರಲ್ಲಿ ಸೀಬೆಹಣ್ಣಿನ ರಸ ಕುಡಿದವರಲ್ಲಿ 103 ಮಂದಿಗೆ ಸೋಂಕು ತಗುಲಿತು, ಒಂದು ಮಗು ಸತ್ತಿತು.

ಭಾರತದಲ್ಲಿ ಈ ಪರೋಪಜೀವಿ ನೆಲೆಯೂರಿಲ್ಲ. ಆದರೆ ಅದನ್ನು ಹೊರುವ ಕೀಟಗಳ ಬಳಗದ ಒಂದು ಜಾತಿ, ಟ್ರಯಟೋಮಾ ರುಬ್ರೊಫಾಸಿಯಾಟಾ, ನಮ್ಮಲ್ಲೂ ಇದೆ. ಚಾಗಸ್ ಲಸ್ಸಾನ್ಸ್‌ನಲ್ಲಿ ಬೆರೆನಿಸ್‌ಳ ರಕ್ತ ನೋಡಿದ 1909ರಲ್ಲೇ, ಕಾಳಾ ಅಜಾರ್ ರೋಗದ ಪರೋಪಜೀವಿಯನ್ನು ಗುರುತಿಸಿ ಹೆಸರಾಗಿದ್ದ ಮದರಾಸಿನ ಚಾರ್ಲ್ಸ್ ಡೊನೊವನ್ ಈ ನಮ್ಮ ಕೀಟದ ಕರುಳಲ್ಲಿ ಇನ್ನೊಂದು ಟ್ರಿಪನೊಸೋಮಾವನ್ನು ವಿವರಿಸಿದರು. ಅದು ಇಲಿಗಳಿಗೆ ಅಂಟುವ ಜಾತಿ. ಒಂದೇ ವರ್ಷ, ಎರಡು ಖಂಡ, ಒಂದೇ ಬಳಗದ ಕೀಟ. ಇಲ್ಲಿಯದು ಪ್ರಾಣಿಶಾಸ್ತ್ರದ ಟಿಪ್ಪಣಿಯಾಗಿ ಉಳಿಯಿತು, ಅಲ್ಲಿಯದು ಒಂದು ಖಂಡದ ಸಂಕಟವಾಯಿತು.

ಹೃದಯಕ್ಕೆ ಬಡಿಯಲು ಮೆದುಳಿನ ಅಪ್ಪಣೆ ಬೇಕಿಲ್ಲ. ಅದರ ಮೇಲ್ಭಾಗದಲ್ಲಿರುವ ಸೈನಸ್ ನೋಡ್ ಎಂಬ ಸಣ್ಣ ಅಂಗಾಂಶ ತಾನಾಗಿಯೇ ವಿದ್ಯುತ್ ಮಿಡಿತ ಹುಟ್ಟಿಸುತ್ತದೆ. ಅದನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ 100ರ ಸುಮಾರಿಗೆ ಬಡಿಯುತ್ತಿರುತ್ತದೆ. ಆದರೂ ವಿಶ್ರಾಂತಿಯಲ್ಲಿ ನಮ್ಮ ಬಡಿತ 70ರಲ್ಲಿ ಇರುವುದು ವೇಗಸ್ ನರ ಹಗಲಿರುಳು ಅದನ್ನು ಹಿಂದಕ್ಕೆ ಎಳೆಯುತ್ತಿರುವುದರಿಂದ. ಓಡುವಾಗ, ಹೆದರಿದಾಗ, ಸಿಟ್ಟು ಬಂದಾಗ ಬೆನ್ನುಹುರಿಯ ಕಡೆಯಿಂದ ಬರುವ ಸಿಂಪಥೆಟಿಕ್ ನರಗಳು ಅದನ್ನು ಮುಂದಕ್ಕೆ ಅಟ್ಟುತ್ತವೆ. ಎತ್ತಿಗೆ ಮೂಗುದಾರವೂ ಬೇಕು, ಬಾರುಕೋಲೂ ಬೇಕು. ಗಾಡಿ ಹೊಡೆಯುವವನ ಜಾಣತನ ಎರಡನ್ನೂ ಹದವಾಗಿ ಬಳಸುವುದರಲ್ಲಿದೆ. ವೇಗಸ್ ನರದ್ದು ಮೂಗುದಾರದ ಕೆಲಸ. 1921ರಲ್ಲಿ ಆಸ್ಟ್ರಿಯಾದ ಗ್ರಾಜ್‌ನಲ್ಲಿ ಓಟೊ ಲೋವಿ ಕಪ್ಪೆಯ ಎರಡು ಹೃದಯಗಳನ್ನು ಇಟ್ಟುಕೊಂಡು, ಒಂದರ ವೇಗಸ್ ನರ ಕೆರಳಿಸಿದಾಗ ಹೊರಬಂದ ದ್ರವ ಇನ್ನೊಂದನ್ನೂ ನಿಧಾನಿಸುತ್ತದೆಂದು ತೋರಿಸಿದರು. ಆ ದ್ರವದಲ್ಲಿದ್ದ ವಸ್ತು ಅಸಿಟೈಲ್‌ಕೋಲಿನ್. ಅಟ್ರೋಪಿನ್ ತಡೆಯುವುದು ಇದರ ಕೆಲಸವನ್ನೇ.

ವೇಗಸ್ ನರದ ಎಳೆಗಳು ನೇರವಾಗಿ ಹೃದಯದ ಸ್ನಾಯುವಿಗೆ ಬಂದು ಸೇರುವುದಿಲ್ಲ. ಹೃದಯದ ಮೇಲ್ಕೋಣೆಗಳ ಹಿಂಬದಿಯ ಕೊಬ್ಬಿನಲ್ಲಿ ಹುದುಗಿರುವ ಸಣ್ಣ ಸಣ್ಣ ನರಗಂಟುಗಳಿಗೆ ಬಂದು ನಿಲ್ಲುತ್ತವೆ. ಅಲ್ಲಿರುವ ನರಕೋಶಗಳು ಸಂದೇಶವನ್ನು ಮುಂದಕ್ಕೆ ಒಯ್ಯುತ್ತವೆ. ಚಾಗಸ್ ರೋಗದ ಏಟು ಬೀಳುವುದು ಈ ನರಗಂಟುಗಳ ಮೇಲೆಯೇ.

ಅದನ್ನು ಮನದಟ್ಟು ಮಾಡಿಕೊಟ್ಟವರು ಫ್ರಿಟ್ಜ್ ಕ್ಯೋಬರ್ಲೆ. ಆಸ್ಟ್ರಿಯಾದ ಈ ರೋಗಶಾಸ್ತ್ರಜ್ಞ 1953ರಲ್ಲಿ ಬ್ರೆಜಿಲ್‌ನ ಕಾಫಿ ಸೀಮೆಯಾದ ರಿಬೆರಾವ್ ಪ್ರೆಟೊಗೆ, ಆಗತಾನೇ ಶುರುವಾಗಿದ್ದ ವೈದ್ಯಕೀಯ ಶಾಲೆಗೆ ಬಂದರು. ಅವರ ಶವಪರೀಕ್ಷೆಯ ಮೇಜಿನ ಮೇಲೆ ಬರುತ್ತಿದ್ದ ದೇಹಗಳಲ್ಲಿ ಮೂರು ಸಂಗತಿಗಳು ಮತ್ತೆ ಮತ್ತೆ ಕಾಣುತ್ತಿದ್ದವು: ಹಿಗ್ಗಿದ ಹೃದಯ, ಚೀಲದಂತಾದ ಅನ್ನನಾಳ, ಊದಿದ ದೊಡ್ಡ ಕರುಳು. ಅನ್ನ ಗಂಟಲಲ್ಲಿ ಸಿಕ್ಕಿಕೊಂಡಂತಾಗಿ ಕೆಳಗಿಳಿಯದ ಕಾಯಿಲೆ ಬ್ರೆಜಿಲ್‌ನ ಒಳನಾಡಿನ ಜನಕ್ಕೆ ತಲೆಮಾರುಗಳಿಂದ ಗೊತ್ತಿತ್ತು. ಅದಕ್ಕೂ ಎದೆಯ ಕಾಯಿಲೆಗೂ ಏನು ಸಂಬಂಧ ಎಂಬುದು ಯಾರಿಗೂ ಸ್ಪಷ್ಟವಿರಲಿಲ್ಲ.

ಕ್ಯೋಬರ್ಲೆ ಆರಿಸಿಕೊಂಡ ದಾರಿ ಸರಳ, ಅಷ್ಟೇ ಕಷ್ಟದ್ದು. ಅವರು ಎಣಿಸತೊಡಗಿದರು. ಅಂಗಾಂಶವನ್ನು ತೆಳುವಾಗಿ, ಸಾಲಾಗಿ ಕೊಯ್ದು, ಬಣ್ಣ ಹಾಕಿ, ಒಂದೊಂದು ಗಾಜಿನ ಪಟ್ಟಿಯಲ್ಲೂ ನರಕೋಶಗಳೆಷ್ಟಿವೆ ಎಂದು ಲೆಕ್ಕ ಬರೆದುಕೊಂಡರು. ರೋಗವಿಲ್ಲದವರ ಅಂಗಗಳ ಲೆಕ್ಕವನ್ನು ಪಕ್ಕದಲ್ಲಿಟ್ಟು ಹೋಲಿಸಿದರು. ವರ್ಷಗಟ್ಟಲೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು ಕೂರಬೇಕಾದ ಈ ಕೆಲಸಕ್ಕೆ ಹೊಗಳಿಕೆ ಬೇಗ ಸಿಗುವಂಥದ್ದಲ್ಲ. ಫಲಿತಾಂಶ ಮಾತ್ರ ಬೆಚ್ಚಿಬೀಳಿಸುವಂತಿತ್ತು. ಚಾಗಸ್ ರೋಗಿಗಳ ಹೃದಯದ ನರಗಂಟುಗಳಲ್ಲಿ ನರಕೋಶಗಳು ಬಹುಪಾಲು ಇಲ್ಲವಾಗಿದ್ದವು. ಅನ್ನನಾಳದಲ್ಲೂ ಕರುಳಲ್ಲೂ ಅದೇ ಕಥೆ. ಅನ್ನನಾಳದ ನರಕೋಶಗಳಲ್ಲಿ ಶೇ 90ರಷ್ಟು ನಾಶವಾದ ಮೇಲೆ ಅದು ಹಿಗ್ಗಿ ಚೀಲವಾಗುತ್ತದೆಂದು ಅವರು ಲೆಕ್ಕ ಕೊಟ್ಟರು. ಬೇರೆ ಬೇರೆ ಕಾಯಿಲೆಗಳೆಂದುಕೊಂಡಿದ್ದ ಮೂರರ ಬುಡ ಒಂದೇ ಎಂದು ತೋರಿದ್ದು ಹೀಗೆ.

ಇಲ್ಲಿಂದ ಅವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ವೇಗಸ್ ನರದ ಹಿಡಿತ ತಪ್ಪಿದ ಹೃದಯ ಸಿಂಪಥೆಟಿಕ್ ನರಗಳ ಒತ್ತಡದಲ್ಲೇ ಹಗಲಿರುಳು ದುಡಿಯುತ್ತದೆ. ಬಿಡುವಿಲ್ಲದ ಆ ದುಡಿಮೆಯೇ ಅದನ್ನು ಸೋಲಿಸಿ ಹಿಗ್ಗಿಸುತ್ತದೆ. ನರಕೋಶಗಳನ್ನು ಕೊಂದದ್ದು ಪರೋಪಜೀವಿ ಬಿಡುವ ಯಾವುದೋ ವಿಷ ಎಂಬುದು ಅವರ ವಾದ. ಮೂಗುದಾರ ಕಿತ್ತ ಎತ್ತು ಬಾರುಕೋಲಿನ ಹೊಡೆತಕ್ಕೇ ಓಡಿ ಓಡಿ ಸಾಯುತ್ತದೆ ಎಂದ ಹಾಗೆ. ಎಣಿಕೆಯಷ್ಟು ಗಟ್ಟಿಯಾಗಿ ಈ ಸಿದ್ಧಾಂತ ನಿಲ್ಲಲಿಲ್ಲ. ಆ ವಿಷ ಯಾರಿಗೂ ಸಿಗಲಿಲ್ಲ.

ಬದುಕಿರುವ ರೋಗಿಗಳಲ್ಲಿ ವೇಗಸ್ ನರದ ಹಿಡಿತವನ್ನು ಪರೀಕ್ಷಿಸಿದವರು ಅದೇ ರಿಬೆರಾವ್ ಪ್ರೆಟೊದ ದಾಲ್ಮೊ ಅಮೊರಿಂ ಮತ್ತು ಅವರ ನಂತರದವರು. ಅಟ್ರೋಪಿನ್ ಕೊಟ್ಟರು, ರೋಗಿಯನ್ನು ಮಲಗಿಸಿದ ಮೇಜನ್ನು ಇದ್ದಕ್ಕಿದ್ದಂತೆ ಓರೆ ಮಾಡಿದರು, ರಕ್ತದೊತ್ತಡ ಏರಿಸಿ ಹೃದಯ ನಿಧಾನಿಸುತ್ತದೆಯೇ ನೋಡಿದರು, ಮೂಗು ಬಾಯಿ ಮುಚ್ಚಿ ಉಸಿರು ಒತ್ತಿಹಿಡಿಯುವಂತೆ ಹೇಳಿದರು. ಪ್ರತಿ ಬಾರಿಯೂ ಚಾಗಸ್ ರೋಗಿಗಳ ಹೃದಯ ಮಂಕಾಗಿ ಉತ್ತರಿಸಿತು. ಬ್ರೆಜಿಲ್‌ನದೇ ಬೆಲೊ ಹೊರಿಜಾಂಟೆ ನಗರದ ಆಂಟೊನಿಯೊ ರಿಬೇರೊ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೊಂದು ಮುಖ್ಯ ಸಂಗತಿ ಸೇರಿಸಿತು. ಹೃದಯದ ಎಡಕೋಣೆ ಇನ್ನೂ ಸರಿಯಾಗಿಯೇ ಹಿಂಡುತ್ತಿರುವ ರೋಗಿಗಳಲ್ಲೂ ವೇಗಸ್ ನರದ ಶಕ್ತಿ ಕುಗ್ಗಿರುತ್ತದೆ. ಎಂದರೆ ಸ್ನಾಯು ಸೋಲುವುದಕ್ಕೆ ಮೊದಲೇ ನರ ಸೋತಿರುತ್ತದೆ.

ವೆನೆಜುವೆಲಾದ ಮೆರಿಡಾ ನಗರದಲ್ಲಿ ಡಿಯೆಗೊ ದಾವಿಲಾ ಮತ್ತು ಜೊತೆಗಾರರು ಇದನ್ನು ಒಪ್ಪಲಿಲ್ಲ. ಹೃದಯ ಹಿಗ್ಗಿದ ಮೇಲೆ ನರದ ದೋಷ ಎದ್ದು ಕಾಣುತ್ತದೆ, ಅದನ್ನು ಮೂಲ ಕಾರಣವೆಂದು ಹೇಗೆ ಹೇಳುವುದು ಎಂದು ಅವರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಕ್ಯೋಬರ್ಲೆಯ ಸಿದ್ಧಾಂತಕ್ಕೆ ಇನ್ನೂ ದೊಡ್ಡ ತೊಡಕು ಹೃದಯ ಕಸಿಯಿಂದ ಬಂತು. ಕಸಿ ಮಾಡಿದ ಹೃದಯಕ್ಕೆ ಮೂಗುದಾರವೂ ಇಲ್ಲ, ಬಾರುಕೋಲೂ ಇಲ್ಲ. ಎಲ್ಲ ನರಗಳನ್ನೂ ಕತ್ತರಿಸಿಯೇ ಅದನ್ನು ತೆಗೆದು ಜೋಡಿಸಿರುತ್ತಾರೆ. ಅಂಥ ಹೃದಯ ವರ್ಷಗಟ್ಟಲೆ ಬಡಿದರೂ ಚಾಗಸ್ ರೋಗಿಯ ಹೃದಯದಂತೆ ಹಿಗ್ಗಿ ಸೋಲುವುದಿಲ್ಲ. ಅನ್ನನಾಳ ಕೆಟ್ಟು, ವೇಗಸ್ ನರದ ಶಕ್ತಿ ಚೆನ್ನಾಗಿಯೇ ಕುಗ್ಗಿದ್ದರೂ ಹೃದಯ ಗಟ್ಟಿಯಾಗಿರುವ ರೋಗಿಗಳೂ ಇದ್ದಾರೆ. ನರದ ನಾಶವೊಂದೇ ಈ ಕಾಯಿಲೆಯನ್ನು ಹುಟ್ಟಿಸಲಾರದು ಎಂಬುದು ಈಗ ಹೆಚ್ಚಿನವರು ಒಪ್ಪುವ ಮಾತು. ಹಾಗೆಂದು ಕ್ಯೋಬರ್ಲೆಯ ಎಣಿಕೆಯನ್ನೇ ಮೂಲೆಗೆ ತಳ್ಳಿದ್ದು ದೊಡ್ಡ ತಪ್ಪು. ಸಿದ್ಧಾಂತ ಸೋತರೂ ಸತ್ತ ನರಕೋಶಗಳು ಬದುಕಿ ಬರುವುದಿಲ್ಲ.

ಹಾಗಾದರೆ ಅವುಗಳನ್ನು ಕೊಂದವರು ಯಾರು? ಬಹುಮಟ್ಟಿಗೆ ರೋಗಿಯ ರೋಗನಿರೋಧಕ ವ್ಯವಸ್ಥೆಯೇ.

ಸೋಂಕು ತಗುಲಿದ ಮೊದಲ ವಾರಗಳಲ್ಲಿ ಪರೋಪಜೀವಿ ಹೃದಯದ ಜೀವಕೋಶಗಳೊಳಗೆ ನುಗ್ಗಿ ಅಲ್ಲೇ ಮರಿಮಾಡುತ್ತದೆ. ಅದನ್ನು ಹತ್ತಿಕ್ಕಲು ದೇಹ ತನ್ನ ಸೈನ್ಯವನ್ನೆಲ್ಲ ಕಳಿಸುತ್ತದೆ. ಟಿ-ಜೀವಕೋಶಗಳು ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶವಸ್ತುವನ್ನು ಸುರಿಸುತ್ತವೆ. ಅದರಿಂದ ಕೆರಳಿದ ಮ್ಯಾಕ್ರೊಫೇಜ್ ಜೀವಕೋಶಗಳು ನೈಟ್ರಿಕ್ ಆಕ್ಸೈಡ್ ಹುಟ್ಟಿಸಿ ಪರೋಪಜೀವಿಯನ್ನು ಸುಡುತ್ತವೆ. ಪಕ್ಕದಲ್ಲಿದ್ದ ನರಕೋಶಕ್ಕೂ ಅದೇ ಬೆಂಕಿ ತಾಗುತ್ತದೆ. ಬೆಲೊ ಹೊರಿಜಾಂಟೆಯ ವಿಜ್ಞಾನಿಗಳು 2007ರಲ್ಲಿ ಪ್ರಯೋಗಶಾಲೆಯ ತಟ್ಟೆಯಲ್ಲಿ ನರಕೋಶಗಳನ್ನೂ ಸೋಂಕಿದ ಮ್ಯಾಕ್ರೊಫೇಜ್‌ಗಳನ್ನೂ ಒಟ್ಟಿಗೆ ಬೆಳೆಸಿ, ಇಂಟರ್‌ಫೆರಾನ್ ಸೇರಿಸಿದಾಗ ನರಕೋಶಗಳಿಗೆ ಹಾನಿಯಾಗುವುದನ್ನೂ ಆ ಹಾನಿಯ ಹಿಂದೆ ನೈಟ್ರಿಕ್ ಆಕ್ಸೈಡ್ ಇರುವುದನ್ನೂ ತೋರಿಸಿದರು.

ಸೋಜಿಗವೆಂದರೆ, ಪರೋಪಜೀವಿ ನರಕೋಶವನ್ನು ಉಳಿಸಿಕೊಳ್ಳುವ ಪ್ರಯತ್ನವನ್ನೂ ಮಾಡುತ್ತದೆ. ಅದರ ಮೈಮೇಲಿನ ಟ್ರಾನ್ಸ್-ಸಯಾಲಿಡೇಸ್ ಎಂಬ ಪ್ರೋಟೀನು ನಮ್ಮ ನರಗಳನ್ನು ಪೋಷಿಸುವ ವಸ್ತುವಿನಂತೆಯೇ ನಡೆದುಕೊಂಡು, ಅದೇ ಗ್ರಾಹಕಕ್ಕೆ ಅಂಟಿ, ನರಕೋಶ ಸಾಯದಂತೆ ತಡೆಯುತ್ತದೆಂದು ಬೋಸ್ಟನ್‌ನ ಟಫ್ಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಕೊಂಡಿದ್ದಾರೆ. ದಶಕಗಳ ಕಾಲ ಇರಲು ಬಂದವನಿಗೆ ಮನೆ ಬೀಳುವುದು ಬೇಕಿಲ್ಲವಲ್ಲ.

ಮೊದಲ ಜ್ವರ ಇಳಿದ ಮೇಲೆ ರೋಗ ಮೌನವಾಗುತ್ತದೆ. ವೈದ್ಯರು ಇದನ್ನು ಅನಿಶ್ಚಿತ ಹಂತ ಎನ್ನುತ್ತಾರೆ. ರಕ್ತಪರೀಕ್ಷೆಯಲ್ಲಿ ಸೋಂಕು ಇದೆ. ಇಸಿಜಿ ಸರಿ, ಎಕ್ಸ್-ರೇ ಸರಿ, ರೋಗಿಗೆ ಯಾವ ತೊಂದರೆಯೂ ಇಲ್ಲ. ಬಹಳ ಜನ ಸಾಯುವವರೆಗೂ ಇದೇ ಹಂತದಲ್ಲಿರುತ್ತಾರೆ. ಸುಮಾರು ಶೇ 30ರಷ್ಟು ಮಂದಿಯಲ್ಲಿ ಹತ್ತಾರು ವರ್ಷಗಳ ಮೇಲೆ ಹೃದಯ ಕೆಡುತ್ತದೆ. ಬಲಗಡೆಯ ವಿದ್ಯುತ್ ಹಾದಿ ಕಟ್ಟಿಕೊಳ್ಳುವುದು, ಎಡಕೋಣೆಯ ತುದಿ ತೆಳುವಾಗಿ ಬಲೂನಿನಂತೆ ಉಬ್ಬುವುದು, ತಾಳ ತಪ್ಪಿದ ಬಡಿತ, ಮೆದುಳಿಗೆ ಹೋಗಿ ಸಿಕ್ಕಿಕೊಳ್ಳುವ ರಕ್ತದ ಗಡ್ಡೆ, ಎಷ್ಟೋ ಸಲ ಯಾವ ಮುನ್ಸೂಚನೆಯೂ ಇಲ್ಲದ ಹಠಾತ್ ಸಾವು.

ಈ ಹತ್ತಾರು ವರ್ಷಗಳ ಮೌನದಲ್ಲಿ ಒಳಗೆ ಏನು ನಡೆಯುತ್ತದೆ ಎಂಬ ಬಗ್ಗೆ ಎರಡು ಪಕ್ಷಗಳು ದೀರ್ಘಕಾಲ ಕಾದಾಡಿದವು. ಪರೋಪಜೀವಿ ಬಹುಪಾಲು ಹೋಗಿದೆ, ಅದರ ವಿರುದ್ಧ ತಯಾರಾದ ನಿರೋಧಕ ಶಕ್ತಿ ಈಗ ತನ್ನ ಹೃದಯವನ್ನೇ ಶತ್ರುವೆಂದು ತಿಳಿದು ಕಡಿಯುತ್ತಿದೆ ಎಂದಿತು ಒಂದು ಪಕ್ಷ. ಇದಕ್ಕೆ ಪುರಾವೆಗಳೂ ಇದ್ದವು. ಸಾವ್ ಪಾವ್ಲೊದ ಎಡೆಸಿಯೊ ಕುನ್ಯ-ನೆಟೊ ಮತ್ತು ಜಾರ್ಜ್ ಕಲಿಲ್ ಅವರು ಪರೋಪಜೀವಿಯ ಒಂದು ಪ್ರೋಟೀನಿಗೂ ಹೃದಯಸ್ನಾಯುವಿನ ಮಯೋಸಿನ್‌ಗೂ ಹೋಲಿಕೆ ಇರುವುದನ್ನು, ಎರಡನ್ನೂ ಗುರುತಿಸುವ ಟಿ-ಜೀವಕೋಶಗಳು ರೋಗಿಗಳ ಹೃದಯದಲ್ಲಿರುವುದನ್ನು 1990ರ ದಶಕದಲ್ಲಿ ತೋರಿಸಿದರು.

ನರದ ಕಥೆಗೆ ನೇರವಾಗಿ ಬಂದು ತಗುಲಿಕೊಳ್ಳುವ ಪುರಾವೆ ಬ್ಯೂನಸ್ ಐರಿಸ್‌ನದು. ಲಿಯೊನರ್ ಸ್ಟೆರಿನ್-ಬೋರ್ಡಾ ಮತ್ತು ಎನ್ರಿ ಬೋರ್ಡಾ ಅವರ ಪ್ರಯೋಗಶಾಲೆ ಚಾಗಸ್ ರೋಗಿಗಳ ರಕ್ತದಲ್ಲಿ ಹೃದಯದ ಗ್ರಾಹಕಗಳಿಗೇ ಹೋಗಿ ಅಂಟುವ ಪ್ರತಿಕಾಯಗಳನ್ನು ಕಂಡಿತು. ಕೆಲವು, ಅಸಿಟೈಲ್‌ಕೋಲಿನ್ ಬಂದು ಕೂರಬೇಕಾದ ಎಂ2 ಗ್ರಾಹಕಕ್ಕೆ ಅಂಟುತ್ತವೆ. ಕೆಲವು, ಅಡ್ರಿನಲಿನ್ ಬಗೆಯ ವಸ್ತುಗಳು ಕೂರಬೇಕಾದ ಬೀಟಾ-1 ಗ್ರಾಹಕಕ್ಕೆ. ಸುಮ್ಮನೆ ಅಂಟಿ ಕೂರುವುದಿಲ್ಲ, ಗ್ರಾಹಕವನ್ನು ಕೆರಳಿಸುತ್ತವೆ, ನರವೇ ಸಂದೇಶ ಕಳಿಸಿತೋ ಎಂಬಂತೆ. ಅದೇ ನಗರದ ಮರಿಯಾನೊ ಲೆವಿನ್ ಅವರ ತಂಡ ಪರೋಪಜೀವಿಯ ರೈಬೊಸೋಮ್ ಪ್ರೋಟೀನಿನ ಬಾಲಕ್ಕೂ ಬೀಟಾ-1 ಗ್ರಾಹಕದ ಹೊರಚಾಚಿಗೂ ಇರುವ ಹೋಲಿಕೆಯನ್ನು ಬಿಡಿಸಿಟ್ಟಿತು. ನರಕೋಶ ಸತ್ತು ಖಾಲಿಯಾದ ಜಾಗದಲ್ಲಿ ನಿರೋಧಕ ವ್ಯವಸ್ಥೆಯ ಪ್ರತಿಕಾಯವೊಂದು ಬಂದು ಆಜ್ಞೆ ಕೊಡುತ್ತಿದೆ! ಆ ಆಜ್ಞೆಗೆ ಉಸಿರಾಟದ ಏರಿಳಿತ ತಿಳಿಯದು, ನಿದ್ರೆ ತಿಳಿಯದು, ನಡಿಗೆ ತಿಳಿಯದು. ಈ ಬಗೆಯ ಪ್ರತಿಕಾಯಗಳು ಬೇರೆ ಕಾರಣದಿಂದ ಹೃದಯ ಹಿಗ್ಗಿದವರಲ್ಲೂ ಸಿಕ್ಕಿವೆ. ಆದ್ದರಿಂದ ಅವು ಕಾರಣವೋ ಪರಿಣಾಮವೋ ಎಂಬ ಚರ್ಚೆ ನಿಂತಿಲ್ಲ.

ಇನ್ನೊಂದು ಪಕ್ಷದ ಮಾತು: ಪರೋಪಜೀವಿ ಎಲ್ಲೂ ಹೋಗಿಲ್ಲ. ಸಾವ್ ಪಾವ್ಲೊದ ಮರಿಯಾ ದೆ ಲೂರ್ಡೆಸ್ ಹಿಗೂಚಿ 1993ರಲ್ಲಿ ರೋಗಿಗಳ ಹೃದಯದಲ್ಲಿ ಪರೋಪಜೀವಿಯ ತುಣುಕುಗಳಿರುವ ಕಡೆಯೇ ಉರಿಯೂತ ಹೆಚ್ಚಿರುವುದನ್ನು ಗುರುತಿಸಿದರು. ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ರಿಕ್ ಟಾರ್ಲ್‌ಟನ್ 1997ರಲ್ಲಿ ಬಹಳ ಚೆಂದದ ಪ್ರಯೋಗವೊಂದನ್ನು ಪ್ರಕಟಿಸಿದರು. ಹಳೆಯ ಸೋಂಕಿದ್ದ ಇಲಿಗಳಿಗೆ ಅದೇ ತಳಿಯ ಎಳೆಮರಿಗಳ ಹೃದಯವನ್ನು ಕಸಿ ಮಾಡಿದರು. ನಿರೋಧಕ ಶಕ್ತಿ ಸ್ವಂತ ಹೃದಯದ ಮೇಲೇ ಮುನಿದಿದ್ದರೆ ಈ ಹೊಸ ಹೃದಯವನ್ನೂ ಕಡಿಯಬೇಕಿತ್ತು. ಕಡಿಯಲಿಲ್ಲ. ಆ ಹೃದಯಕ್ಕೆ ಪರೋಪಜೀವಿಯನ್ನು ಚುಚ್ಚಿದಾಗ ಮಾತ್ರ ಉರಿಯೂತ ಎದ್ದಿತು.

ಮನುಷ್ಯರಲ್ಲೂ ಹೃದಯ ಕಸಿ ಅದೇ ದಿಕ್ಕಿನ ಸಾಕ್ಷಿ ನುಡಿಯುತ್ತದೆ. ಕಸಿಯಾದ ಮೇಲೆ ನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧಿ ಕೊಟ್ಟರೆ ಮಲಗಿದ್ದ ಪರೋಪಜೀವಿ ಮತ್ತೆ ಎದ್ದೇಳುತ್ತದೆ. ಎಚ್‌ಐವಿ ಇರುವವರಲ್ಲಿ ಅದು ಮೆದುಳಿಗೂ ಹೋಗುತ್ತದೆ. ನಿರೋಧಕ ಶಕ್ತಿಯನ್ನು ತೆಗೆದರೆ ಸಾವು, ಪೂರ್ತಿ ಬಿಟ್ಟರೆ ಹೃದಯಕ್ಕೆ ಸಾವು. ಬೆರೆನಿಸ್‌ಳಂಥವರು ಈ ಎರಡರ ನಡುವಿನ ಹದವನ್ನು ಹೇಗೋ ಕಂಡುಕೊಂಡವರು. ಬೆಲೊ ಹೊರಿಜಾಂಟೆಯ ವಾಲ್ಡೆರೆಜ್ ಡುಟ್ರಾ ಮತ್ತು ಕೆನೆತ್ ಗೊಲ್ಲೊಬ್ ಅವರ ಅಧ್ಯಯನಗಳಲ್ಲಿ ಆ ಹದದ ರಾಸಾಯನಿಕ ಗುರುತು ಸಿಗುತ್ತದೆ. ಅನಿಶ್ಚಿತ ಹಂತದಲ್ಲಿರುವವರ ಬಿಳಿರಕ್ತಕಣಗಳು ಉರಿಯೂತವನ್ನು ತಣಿಸುವ ಇಂಟರ್‌ಲ್ಯೂಕಿನ್-10 ಅನ್ನು ಹೆಚ್ಚು ತಯಾರಿಸುತ್ತವೆ. ಹೃದಯ ಕೆಟ್ಟವರಲ್ಲಿ ಅದನ್ನು ಕೆರಳಿಸುವ ಇಂಟರ್‌ಫೆರಾನ್ ಗಾಮಾ ಮತ್ತು ಟಿಎನ್‌ಎಫ್‌ನ ಕೈ ಮೇಲಾಗಿರುತ್ತದೆ.

ನರದವರು ನರವನ್ನು, ನಿರೋಧಕ ಶಕ್ತಿಯವರು ನಿರೋಧಕ ಶಕ್ತಿಯನ್ನು ಓದುತ್ತಾ ಬಹುಕಾಲ ಬೇರೆ ಬೇರೆ ಕೋಣೆಗಳಲ್ಲಿ ಕೂತಿದ್ದರು. ಎರಡಕ್ಕೂ ನಡುವಿನ ಬಾಗಿಲು ತೆರೆದದ್ದು ಚಾಗಸ್ ರೋಗಕ್ಕೆ ಸಂಬಂಧವೇ ಇಲ್ಲದ ಒಂದು ಪ್ರಯೋಗದಿಂದ. 2000ದಲ್ಲಿ ನ್ಯೂಯಾರ್ಕ್‌ನ ಕೆವಿನ್ ಟ್ರೇಸಿ ಮತ್ತು ಸಂಗಡಿಗರು ಬ್ಯಾಕ್ಟೀರಿಯಾದ ವಿಷ ಚುಚ್ಚಿದ ಇಲಿಗಳ ವೇಗಸ್ ನರವನ್ನು ವಿದ್ಯುತ್ತಿನಿಂದ ಕೆರಳಿಸಿದರು. ಇಲಿಗಳ ರಕ್ತದಲ್ಲಿ ಟಿಎನ್‌ಎಫ್ ಏರುವುದು ತಗ್ಗಿತು. ಹೃದಯವನ್ನು ಹಿಡಿದು ನಿಲ್ಲಿಸುವ ಅದೇ ನರ ಉರಿಯೂತವನ್ನೂ ಹಿಡಿದು ನಿಲ್ಲಿಸುತ್ತದೆ! ಮ್ಯಾಕ್ರೊಫೇಜ್‌ಗಳ ಮೈಮೇಲಿನ ಒಂದು ಬಗೆಯ ನಿಕೋಟಿನ್ ಗ್ರಾಹಕದ ಮೂಲಕ ಈ ಸಂದೇಶ ತಲುಪುತ್ತದೆಂದು 2003ರಲ್ಲಿ ತಿಳಿಯಿತು.

ಚಾಗಸ್ ರೋಗದ ಮಟ್ಟಿಗೆ ಇದು ಬಹಳ ಆಳದ ಮಾತು. ಮೊದಲ ವಾರಗಳ ಉರಿಯೂತ ಹೃದಯದ ನರಗಂಟುಗಳನ್ನು ಸುಡುತ್ತದೆ. ಉರಿಯೂತವನ್ನು ತಣಿಸುವಲ್ಲಿ ಕೈಯಿರುವುದು ಅದೇ ನರಜಾಲಕ್ಕೆ. ಅದು ದುರ್ಬಲವಾದರೆ ಮುಂದಿನ ಹತ್ತಾರು ವರ್ಷಗಳ ಸಣ್ಣ ಉರಿಯನ್ನು ಆರಿಸುವ ಒಂದು ದಾರಿ ಮುಚ್ಚುತ್ತದೆ. ಆರದ ಉರಿ ಉಳಿದ ನರವನ್ನೂ ತಿನ್ನುತ್ತದೆ. ಈ ಸುತ್ತು ಮನುಷ್ಯರಲ್ಲಿ ಪೂರ್ತಿ ಸಾಬೀತಾಗಿಲ್ಲ. ಟ್ರೇಸಿಯ ಪ್ರಯೋಗ ಹೊಟ್ಟೆಯ ಅಂಗಗಳಿಗೆ, ಮುಖ್ಯವಾಗಿ ಗುಲ್ಮಕ್ಕೆ ಹೋಗುವ ಹಾದಿಯದು. ಚಾಗಸ್ ರೋಗದಲ್ಲಿ ಸತ್ತಿರುವುದು ಹೃದಯದ ಗೋಡೆಯ ನರಕೋಶಗಳು. ಆದರೂ ಒಂದು ಸೂಚನೆ ಇದೆ. ಬ್ರೆಜಿಲ್‌ನ ವಿಜ್ಞಾನಿಗಳು ಹಳೆಯ ಸೋಂಕಿದ್ದ ಇಲಿಗಳಿಗೆ ಪಿರಿಡೊಸ್ಟಿಗ್ಮಿನ್ ಕೊಟ್ಟು ನೋಡಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಯಸ್ತೇನಿಯಾ ಎಂಬ ಸ್ನಾಯುದೌರ್ಬಲ್ಯಕ್ಕೆ ಬಹುಕಾಲದಿಂದ ಕೊಡುವ ಈ ಗುಳಿಗೆ ಅಸಿಟೈಲ್‌ಕೋಲಿನ್ ಬೇಗ ಕರಗದಂತೆ ತಡೆಯುತ್ತದೆ. ಅದನ್ನು ಪಡೆದ ಇಲಿಗಳಲ್ಲಿ ನರದ ಹದ ವೇಗಸ್ ಕಡೆಗೆ ವಾಲಿತು, ಹೃದಯದಲ್ಲಿ ಉರಿಯೂತವೂ ನಾರುಗಟ್ಟುವಿಕೆಯೂ ಕಡಿಮೆಯಾಗಿದ್ದವು.

ಬಾರುಕೋಲಿನ ಕಡೆಯ ನರಗಳೂ ಸುರಕ್ಷಿತವಲ್ಲ ಎಂಬುದು ಈಚಿನ ತಿಳಿವಳಿಕೆ. ವಿಕಿರಣಶೀಲ ಅಯೋಡಿನ್ ಬೆರೆಸಿದ ಎಂಐಬಿಜಿ ಎಂಬ ವಸ್ತುವನ್ನು ರಕ್ತಕ್ಕೆ ಬಿಟ್ಟರೆ ಸಿಂಪಥೆಟಿಕ್ ನರದ ತುದಿಗಳು ಅದನ್ನು ಹೀರಿಕೊಳ್ಳುತ್ತವೆ, ಚಿತ್ರದಲ್ಲಿ ಬೆಳಗುತ್ತವೆ. ರಿಬೆರಾವ್ ಪ್ರೆಟೊದ ಮಾರ್ಕುಸ್ ಸಿಮೊಯೆಸ್ ಮತ್ತು ಸಂಗಡಿಗರು ಚಾಗಸ್ ರೋಗಿಗಳಲ್ಲಿ, ಗೋಡೆ ಇನ್ನೂ ಸರಿಯಾಗಿ ಅಲುಗುತ್ತಿರುವ ಕಡೆಗಳಲ್ಲೂ ಕತ್ತಲಿನ ಮಚ್ಚೆಗಳನ್ನು ಕಂಡರು. 2018ರ ಅವರ ಅಧ್ಯಯನದ ಪ್ರಕಾರ ಅಪಾಯಕಾರಿ ತಾಳತಪ್ಪುವಿಕೆಯ ತೀವ್ರತೆ ಹೊಂದಿಕೆಯಾಗುವುದು ಹೃದಯದಲ್ಲಿ ಎಷ್ಟು ಜಾಗ ನಾರುಗಟ್ಟಿದೆ ಎಂಬುದಕ್ಕಲ್ಲ, ಎಷ್ಟು ಜಾಗದಲ್ಲಿ ನರ ಸತ್ತಿದೆ ಎಂಬುದಕ್ಕೆ. ಹಠಾತ್ ಸಾವಿನ ಭಯದಲ್ಲಿ ಬದುಕುವವರ ಮಟ್ಟಿಗೆ ಈ ಒಂದು ವಾಕ್ಯದ ತೂಕ ದೊಡ್ಡದು.

ಪರೋಪಜೀವಿಯನ್ನು ಕೊಲ್ಲುವ ಔಷಧಿ ಇದೆ: ಬೆಂಜ್‌ನಿಡಜೋಲ್, ನಿಫರ್ಟಿಮಾಕ್ಸ್. ಎರಡೂ ಅರ್ಧ ಶತಮಾನದಷ್ಟು ಹಳೆಯವು. ಕೊಳ್ಳುವವರು ಬಡವರಾದ್ದರಿಂದ ಹೊಸ ಔಷಧಿ ಹುಡುಕಲು ಕಂಪನಿಗಳಿಗೆ ಆಸಕ್ತಿ ಹುಟ್ಟಲಿಲ್ಲ. ಮಕ್ಕಳಿಗೆ, ಹೊಸ ಸೋಂಕಿಗೆ ಇವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಹೃದಯ ಕೆಟ್ಟ ಮೇಲೆ? ಐದು ದೇಶಗಳ 2,854 ಹೃದ್ರೋಗಿಗಳ ಮೇಲೆ ನಡೆದ ಬೆನಿಫಿಟ್ ಎಂಬ ದೊಡ್ಡ ಪರೀಕ್ಷೆಯ ಫಲಿತಾಂಶ 2015ರಲ್ಲಿ ಬಂತು. ಬೆಂಜ್‌ನಿಡಜೋಲ್ ರಕ್ತದಲ್ಲಿನ ಪರೋಪಜೀವಿಯನ್ನು ತಗ್ಗಿಸಿತು. ಸರಾಸರಿ 5.4 ವರ್ಷ ಕಾದು ನೋಡಿದರೆ, ಸಾವು ಅಥವಾ ಹೃದಯದ ಗಂಭೀರ ಅವಘಡ ಎದುರಿಸಿದವರು ಔಷಧಿ ಪಡೆದವರಲ್ಲಿ ಶೇ 27.5, ಪಡೆಯದವರಲ್ಲಿ ಶೇ 29.1. ಇದನ್ನು ವ್ಯತ್ಯಾಸವೆಂದು ಹೇಳುವಂತಿಲ್ಲ. ಸತ್ತ ನರಕೋಶವನ್ನೂ ನಾರುಗಟ್ಟಿದ ಸ್ನಾಯುವನ್ನೂ ಪರೋಪಜೀವಿಯ ಔಷಧಿ ಮರಳಿ ತರಲಾರದು. ಔಷಧಿಗೆ ಬೆಲೆ ಬರುವುದು ಅದಕ್ಕೂ ಮೊದಲು.

ಆ ಮೊದಲು ಎಂದರೆ ಎಷ್ಟು ಮೊದಲು ಎಂಬುದನ್ನು ಮಿನಾಸ್ ಜೆರೈಸ್‌ನ ಉತ್ತರದ ಹಳ್ಳಿಗಳಲ್ಲಿ ಹುಡುಕುತ್ತಿದ್ದಾರೆ. ಆ ರಾಜ್ಯದಲ್ಲಿ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ತೆಗೆದ ಇಸಿಜಿಯನ್ನು ದೂರದ ನಗರದ ಹೃದ್ರೋಗ ತಜ್ಞರಿಗೆ ಕಳಿಸುವ ಜಾಲವನ್ನು, 2001ರ ಅಧ್ಯಯನ ಮಾಡಿದ ಅದೇ ಆಂಟೊನಿಯೊ ರಿಬೇರೊ ಮತ್ತು ಸಹೋದ್ಯೋಗಿಗಳು ಕಟ್ಟಿ ಬೆಳೆಸಿದ್ದಾರೆ. ಆ ಜಾಲದಿಂದಲೇ 21 ಪುರಸಭೆಗಳ 1,959 ಚಾಗಸ್ ರೋಗಿಗಳನ್ನು ಆರಿಸಿಕೊಂಡು ಸಾಮಿ-ಟ್ರಾಪ್ ಎಂಬ ಅಧ್ಯಯನ ಶುರುವಾಯಿತು. ಹಿಂದೆಂದೋ ಬೆಂಜ್‌ನಿಡಜೋಲ್ ತೆಗೆದುಕೊಂಡಿದ್ದವರ ಹೃದಯ ಹೆಚ್ಚು ಗಟ್ಟಿಯಾಗಿತ್ತು, ಎರಡು ವರ್ಷಗಳಲ್ಲಿ ಅವರಲ್ಲಿ ಸಾವೂ ಕಡಿಮೆಯಿತ್ತು ಎಂದು 2018ರಲ್ಲಿ ಆ ತಂಡ ವರದಿ ಮಾಡಿತು. ಔಷಧಿ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿರದ ಇಂಥ ಅಧ್ಯಯನವನ್ನು ಎಚ್ಚರದಿಂದ ಓದಬೇಕು. ಆದರೂ ಅದು ಬೆನಿಫಿಟ್ ಮುಚ್ಚಿದಂತೆ ಕಂಡ ಬಾಗಿಲನ್ನು ಮತ್ತೆ ತೆರೆದಿಟ್ಟಿದೆ.

ಸಾಮಾನ್ಯ ಇಸಿಜಿ ಹಿಡಿದಿಡುವುದು ಹತ್ತು ಸೆಕೆಂಡುಗಳ ಎದೆಬಡಿತವನ್ನು. ಕಟ್ಟಿಕೊಂಡ ವಿದ್ಯುತ್ ಹಾದಿ ಅದರಲ್ಲಿ ಕಾಣುತ್ತದೆ, ವೇಗಸ್ ನರದ ಸೊರಗು ಕಾಣುವುದಿಲ್ಲ. ಅದನ್ನು ನೋಡಲು ರೋಗಿಗೆ ನಿಮಿಷಕ್ಕೆ ಆರು ಸಲದಂತೆ ಆಳವಾಗಿ ಉಸಿರಾಡಲು ಹೇಳಿ, ಒಂದು ನಿಮಿಷ ದಾಖಲಿಸಿಕೊಂಡರೆ ಸಾಕು. ಆರೋಗ್ಯವಂತ ಹೃದಯ ಉಸಿರೆಳೆದಾಗ ಬಿರುಸಾಗುತ್ತದೆ, ಬಿಟ್ಟಾಗ ನಿಧಾನಿಸುತ್ತದೆ. ನರ ಸೋತ ಹೃದಯದಲ್ಲಿ ಈ ಏರಿಳಿತ ಕುಗ್ಗಿರುತ್ತದೆ. ವಯಸ್ಸು ಮತ್ತು ಸಕ್ಕರೆ ಕಾಯಿಲೆಯೂ ಅದನ್ನು ಕುಗ್ಗಿಸುತ್ತವೆ, ಆದ್ದರಿಂದ ಈ ಪರೀಕ್ಷೆಯೊಂದನ್ನೇ ನೆಚ್ಚಿ ತೀರ್ಮಾನಕ್ಕೆ ಬರುವಂತಿಲ್ಲ. ಆದರೆ ಅನಿಶ್ಚಿತ ಹಂತದ ಲಕ್ಷಾಂತರ ಜನರಲ್ಲಿ ಯಾರನ್ನು ಹತ್ತಿರದಿಂದ ಗಮನಿಸಬೇಕು, ಯಾರಿಗೆ ತಡಮಾಡದೆ ಔಷಧಿ ಕೊಡಬೇಕು ಎಂದು ಆರಿಸುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದೇ ಎಂಬುದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಲೇಬೇಕು. ಯಂತ್ರ ಹಳ್ಳಿಯಲ್ಲಿದೆ, ತಂತಿಗಳಿವೆ, ಓದುವ ತಜ್ಞರೂ ಆ ತುದಿಯಲ್ಲಿ ಕೂತಿದ್ದಾರೆ. ಬೇಕಿರುವುದು ಪ್ರತಿ ರೋಗಿಗೆ ಇನ್ನೊಂದು ನಿಮಿಷ.